ನಮೂನೆಯಲ್ಲಿ ಇಲ್ಲದ ಮಾತು

ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಹೊಸದಾಗಿ ಸೇರಿದವರು ಆಗಾಗ ನನಗೆ ಫೋನು ಮಾಡುತ್ತಾರೆ. "ಸಾರ್, ಬರುವ ವಾರ ಅಧ್ಯಕ್ಷರ ಚುನಾವಣೆ ಉಂಟು, ಹೇಗೆ ಮಾಡ್ಸುದು?" ಎಂದು ಕೇಳುತ್ತಾರೆ. ಇಷ್ಟು ವರ್ಷ ಅದೇ ಮೇಜಿನಲ್ಲಿ ಕೂತವನಿಗೆ ಎಲ್ಲ ಗೊತ್ತಿರಬೇಕು ಎಂದು ಪಾಪ ಅವರ ನಂಬಿಕೆ. ನನಗೆ ಗೊತ್ತಿಲ್ಲ. ನಿವೃತ್ತನಾದ ಮೇಲೂ ಗೊತ್ತಾಗಿಲ್ಲ. ಗೊತ್ತಿಲ್ಲದೆ ಹೇಗೆ ನಡೆಸಿದೆ ಎಂಬುದನ್ನು ಮಾತ್ರ ಬರೆಯಬಲ್ಲೆ. ನಿಮಗೆ ಉಪಯೋಗಕ್ಕೆ ಬಂದರೆ ಸರಿ, ಬಾರದಿದ್ದರೆ ಫೋನು ಮಾಡುವುದನ್ನಾದರೂ ನಿಲ್ಲಿಸಿ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಪಟ್ಟಣ ಪಂಚಾಯತಿಗೆ ಜನ ಮತ ಹಾಕಿ ಆರಿಸುವುದು ಸದಸ್ಯರನ್ನು. ಅಧ್ಯಕ್ಷರು ಯಾರೆಂದು ಆ ಸದಸ್ಯರೇ ತಮ್ಮೊಳಗೆ ಆರಿಸಿಕೊಳ್ಳಬೇಕು. ಅದಕ್ಕೊಂದು ದಿನ, ಒಂದು ಸಭಾಂಗಣ, ಒಬ್ಬ ಚುನಾವಣಾಧಿಕಾರಿ. ಅಧಿಕಾರಿಯ ಎಡಬದಿಯಲ್ಲಿ ಕಡತ ಹಿಡಿದು ಕೂರುವ ಒಬ್ಬ ಗುಮಾಸ್ತ. ಪುತ್ತೂರು, ಸುಳ್ಯ, ಆಮೇಲೆ ಕಡಬ ತಾಲ್ಲೂಕು ಆದ ಮೇಲೆ ಕಡಬ, ಹೀಗೆ ಮೂರೂ ಕಡೆ ಆ ಎಡಬದಿಯಲ್ಲಿ ಕೂತವನು ನಾನು. ಫೋಟೋದಲ್ಲಿ ನನ್ನ ಅರ್ಧ ಮುಖ ಬರುತ್ತದೆ, ಉಳಿದರ್ಧಕ್ಕೆ ಗೆದ್ದವರ ಹಾರ ಅಡ್ಡ ಬರುತ್ತದೆ.

ನಿಯಮ ಓದಿದರೆ ಬಹಳ ಸುಲಭ. ಸದಸ್ಯರಿಗೆ ಮುಂಚಿತವಾಗಿ ನೋಟೀಸು ಕೊಡಿ, ನಾಮಪತ್ರ ತೆಗೆದುಕೊಳ್ಳಿ, ಪ್ರಮಾಣ ವಚನ ಬೋಧಿಸಿ, ಮತ ಎಣಿಸಿ, ಘೋಷಿಸಿ. ಆದರೆ ನೋಟೀಸಿಗೆ ಮೊದಲು ಬೆಂಗಳೂರಿನಿಂದ ಮೀಸಲಾತಿ ಪಟ್ಟಿ ಬರಬೇಕು. ಯಾವ ಊರಿನ ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ, ಗಂಡಸಿಗೋ ಹೆಂಗಸಿಗೋ ಎಂದು ಅದರಲ್ಲಿರುತ್ತದೆ. ಪಟ್ಟಿ ಬರುವುದಿಲ್ಲ. ಬಂದರೆ ಯಾರೋ ಕೋರ್ಟಿಗೆ ಹೋಗುತ್ತಾರೆ. ತಡೆಯಾಜ್ಞೆ ಬರುತ್ತದೆ, ತಡೆಯಾಜ್ಞೆಗೆ ತಡೆಯಾಜ್ಞೆ ಬರುತ್ತದೆ. ಅಷ್ಟರವರೆಗೆ ಗೆದ್ದ ಸದಸ್ಯರು ಪ್ರಮಾಣವೂ ಇಲ್ಲದೆ, ಕುರ್ಚಿಯೂ ಇಲ್ಲದೆ, ಮದುವೆಯಾಗಿ ತವರಿನಲ್ಲೇ ಉಳಿದವರ ಹಾಗೆ ಊರಲ್ಲಿ ತಿರುಗುತ್ತಿರುತ್ತಾರೆ. ಜನ ಅವರನ್ನು ಹಿಡಿದು ನೀರು ಬರುತ್ತಿಲ್ಲ ಎಂದು ಬೈಯುತ್ತಾರೆ. ಅವರು ಬಂದು ನಮ್ಮನ್ನು ಬೈಯುತ್ತಾರೆ.

ಪಟ್ಟಿ ಬಂದರೂ ಗೊಂದಲ ಮುಗಿಯುವುದಿಲ್ಲ. ಒಮ್ಮೆ ಅಧ್ಯಕ್ಷ ಸ್ಥಾನ 'ಸಾಮಾನ್ಯ' ಎಂದು ಬಂತು. ಯಾವ ಮೀಸಲೂ ಇಲ್ಲ, ಯಾರು ಬೇಕಾದರೂ ನಿಲ್ಲಬಹುದು ಎಂದು ಅದರ ಅರ್ಥ. ಒಬ್ಬ ಸದಸ್ಯರು ಮುಖ ಸಣ್ಣ ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ನಂಗೆ ಈ ಸಲ ನಿಲ್ಲಿಕ್ಕೆ ಆಗುದಿಲ್ಲ ಅಲ್ವಾ ಸಾರ್?"

"ಯಾಕೆ ಆಗುದಿಲ್ಲ?"

"ಸಾಮಾನ್ಯ ಅಂತ ಬಂದಿದೆಯಲ್ಲ. ನಂಗೆ ಎರಡು ಲಾರಿ ಉಂಟು."

ನಗುವುದೋ ಅಳುವುದೋ ತಿಳಿಯಲಿಲ್ಲ. ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಅವರು, "ಹಾಗಾದರೆ ಇದು ಸಾಮಾನ್ಯ ಅಲ್ಲ, ಎಲ್ಲರಿಗೂ ಅಂತ ಬರೀಬಾರದಿತ್ತಾ?" ಎಂದರು.

ಮೇಲಧಿಕಾರಿಗಳನ್ನು ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಾನು ಸುಳ್ಯದಲ್ಲಿದ್ದಾಗ ಒಬ್ಬ ಸಾಹೇಬರಿದ್ದರು. ಬಹಳ ಒಳ್ಳೆಯವರು, ಸಿಟ್ಟೆಂಬುದೇ ಇಲ್ಲ. ಯಾವ ಕಡತ ಇಟ್ಟರೂ ಹಸಿರು ಶಾಯಿಯಲ್ಲಿ 'ನಿಯಮಾನುಸಾರ ಕ್ರಮ ವಹಿಸಿ' ಎಂದು ಬರೆದು ಕೆಳಗೆ ಸಹಿ ಹಾಕುತ್ತಿದ್ದರು. ನಿಯಮ ಯಾವುದೆಂದು ಕೇಳಲೆಂದೇ ನಾನು ಕಡತ ಇಟ್ಟಿದ್ದೆ. ಮತ್ತೆ ಒಳಗೆ ಹೋಗಿ, "ಸಾರ್, ಯಾವ ನಿಯಮ?" ಎಂದರೆ, "ನೋಡಿ ಮಾಡಿ ಸದಾಶಿವ, ನಿಮಗೆ ಗೊತ್ತಿಲ್ಲದ್ದು ಎಂತ ಉಂಟು?" ಎನ್ನುತ್ತಿದ್ದರು. ನನಗೆ ಗೊತ್ತಿಲ್ಲದ್ದು ಎಷ್ಟು ಉಂಟು ಎಂದು ಅವರಿಗೆ ನಿವೃತ್ತಿಯವರೆಗೂ ಗೊತ್ತಾಗಲಿಲ್ಲ.

ಅವರ ಕಾಲದಲ್ಲೇ ಒಂದು ಗ್ರಾಮ ಪಂಚಾಯತಿನಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸಮ ಸಮ ಮತ ಬಿತ್ತು. ಚೀಟಿ ಎತ್ತಬೇಕು. ನಾನು ಎರಡು ಚೀಟಿಯಲ್ಲಿ ಎರಡು ಹೆಸರು ಬರೆದು, ಒಂದೇ ಅಳತೆಗೆ ಮಡಚಿ, ಸ್ಟೀಲಿನ ಪಾತ್ರೆಗೆ ಹಾಕಿ ಕುಲುಕಿದೆ. ಮನೆ ತೆರಿಗೆ ಕಟ್ಟಲು ಬಂದಿದ್ದ ಒಬ್ಬ ಹೆಂಗಸಿನ ಕೈಯಲ್ಲಿ ಒಂದು ಎತ್ತಿಸಿದ್ದಾಯಿತು. ಸಾಹೇಬರು ಹೆಸರು ಓದಿದರು. ಎರಡೂ ಕಡೆಯವರು ಒಟ್ಟಿಗೆ ಜೈಕಾರ ಹಾಕಿದರು! ಒಬ್ಬರ ಲೆಕ್ಕದಲ್ಲಿ ಚೀಟಿ ಬಂದವರು ಗೆದ್ದರು, ಇನ್ನೊಬ್ಬರ ಲೆಕ್ಕದಲ್ಲಿ ಚೀಟಿ ಬಂದವರು ಹೊರಗೆ. ಎರಡು ಹಾರ, ಎರಡು ಕಡೆ ಪಟಾಕಿ. ಎತ್ತುವ ಮೊದಲು ಯಾವುದಕ್ಕೆ ಏನರ್ಥ ಎಂದು ಸಾರಿ ಹೇಳಬೇಕಿತ್ತು, ನಾನು ನೆನಪಿಸಲಿಲ್ಲ. ನಿಯಮದ ಪುಸ್ತಕ ತರಿಸಿ, ಚೀಟಿ ಬಂದವರೇ ಗೆದ್ದದ್ದು ಎಂದು ಓದಿ ಹೇಳುವಷ್ಟರಲ್ಲಿ ಒಂದು ಹಾರ ಬಾಡಿತ್ತು. ಆದ್ದರಿಂದ, ಹೊಸಬರೇ, ಮೊದಲು ಹೇಳಿ, ಆಮೇಲೆ ಎತ್ತಿಸಿ.

ಇನ್ನೊಂದು. ಗ್ರಾಮ ಪಂಚಾಯತಿನಲ್ಲಿ ಅಧ್ಯಕ್ಷರ ಆಯ್ಕೆಗೆ ಗುಟ್ಟಿನ ಮತ. ಅದೇ ಊರು ಪಟ್ಟಣ ಪಂಚಾಯತು ಆದ ಕೂಡಲೇ ಎಲ್ಲರೆದುರು ಕೈ ಎತ್ತಿ ಹೇಳಬೇಕು. ಯಾಕೆ ಹಾಗೆ ಎಂದು ಕೇಳಬೇಡಿ. ಜೋಸೆಫಣ್ಣ ಎಂಬ ಸದಸ್ಯರಿದ್ದರು, ಅವರ ಅಪ್ಪನ ಕಾಲದಲ್ಲೇ ಕೇರಳದಿಂದ ಬಂದು ರಬ್ಬರು ತೋಟ ಮಾಡಿದ ಕುಟುಂಬ. ಹಳೆಯ ಪಂಚಾಯತಿನಲ್ಲಿ ಎರಡು ಅವಧಿ ಗುಟ್ಟಾಗಿ ಮತ ಹಾಕಿ ಎಲ್ಲರ ಹತ್ತಿರವೂ ಚೆನ್ನಾಗಿದ್ದವರು. ಕೈ ಎತ್ತಿ ಎಂದಾಗ ಬೆವತುಹೋದರು. ಎತ್ತಿದರು, ಆದರೆ ಭುಜದವರೆಗೆ ಮಾತ್ರ. ಗಡ್ಡ ಕೆರೆದುಕೊಳ್ಳುವವರ ಹಾಗೆ ಕೂತಿದ್ದರು.

ಸಾಹೇಬರು ನನ್ನ ಕಡೆ ಬಗ್ಗಿ, "ಎಷ್ಟು ಎತ್ತಬೇಕು ಅಂತ ನಿಯಮದಲ್ಲಿ ಉಂಟಾ?" ಎಂದು ಪಿಸುಗುಟ್ಟಿದರು. ಇಲ್ಲ ಎಂದೆ. ಅವರು ಜೋಸೆಫಣ್ಣನನ್ನೇ ಕೇಳಿದರು, "ಇದು ಎತ್ತಿದ್ದಾ, ಇಳಿಸಿದ್ದಾ?"

"ಎತ್ತಿದ್ದೇ ಸಾರೇ. ಆದರೆ ಹಿಂದೆ ಕೂತವರಿಗೆ ಕಾಣ್ಬಾರದು."

ಆ ಒಂದು ಮತದಿಂದಲೇ ಅಧ್ಯಕ್ಷರು ಯಾರೆಂದು ತೀರ್ಮಾನವಾಯಿತು. ಸೋತವರು ಅರ್ಧ ಕೈ ಸಿಂಧುವಲ್ಲ ಎಂದು ಲಿಖಿತ ದೂರು ಕೊಟ್ಟರು. ಅದರ ಮೇಲೆ ಸಾಹೇಬರು ಏನು ಬರೆದರೆಂದು ನಿಮಗೆ ಈಗ ಗೊತ್ತು.

ನೋಟೀಸು ಕೊಡುವ ಕ್ರಮವಂತೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಪ್ರತಿಯೊಬ್ಬ ಸದಸ್ಯರ ಮನೆಗೆ ಹೋಗಿ ಸಹಿ ಹಾಕಿಸಬೇಕಿತ್ತು. ಆದರೆ ಸದಸ್ಯರು ಎದುರು ಪಕ್ಷದವರ ಕೈಗೆ ಸಿಗಬಾರದೆಂದು ಅವರ ಪಕ್ಷದವರೇ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಎಲ್ಲಿಗೋ ಯಾತ್ರೆ ಹೊರಟಿರುತ್ತಿದ್ದರು. ಸುಬ್ರಹ್ಮಣ್ಯದ ಒಂದು ಲಾಡ್ಜಿನಲ್ಲಿ ನಾಲ್ವರ ಕೈಯಿಂದ ಒಟ್ಟಿಗೆ ಸಹಿ ಹಾಕಿಸಿದ್ದೇನೆ, ಅವರು ನನಗೆ ಊಟವನ್ನೂ ಹಾಕಿಸಿದ್ದಾರೆ. ಈಗ ವಾಟ್ಸಾಪಿನಲ್ಲಿ ಕಳಿಸಿ, ಕಾಗದವನ್ನೂ ಕೊಡುತ್ತಾರೆ. ಎರಡು ನೀಲಿ ಗೀಟು ಬಿದ್ದರೆ ನೋಟೀಸು ತಲುಪಿದ ಹಾಗೆಯೋ ಅಲ್ಲವೋ ಎಂದು ನಾನಿರುವವರೆಗೆ ಯಾರೂ ಸ್ಪಷ್ಟ ಹೇಳಲಿಲ್ಲ.

ಇಷ್ಟೆಲ್ಲ ತಮಾಷೆ. ಈಗ ತಮಾಷೆಯಲ್ಲದ್ದನ್ನು ಹೇಳುತ್ತೇನೆ. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮೊದಲು ನಡೆದದ್ದು. ಊರಿನ ಹೆಸರು ಹೇಳುವುದಿಲ್ಲ, ಅದರಲ್ಲಿದ್ದವರ ಹೆಸರನ್ನೂ ಬದಲಿಸಿದ್ದೇನೆ.

ಆ ಊರಿನ ಪಟ್ಟಣ ಪಂಚಾಯತಿಗೆ ಸದಸ್ಯರು ಆಯ್ಕೆಯಾಗಿ ಒಂದು ವರ್ಷದ ಮೇಲಾಗಿತ್ತು. ಕೋರ್ಟು ಕಚೇರಿ ಎಲ್ಲ ಮುಗಿದು ಪಟ್ಟಿ ಬಂತು. ಅಧ್ಯಕ್ಷ ಸ್ಥಾನ ಒಂದು ವರ್ಗದ ಮಹಿಳೆಗೆ ಮೀಸಲು. ಆ ವರ್ಗಕ್ಕೆ ಸೇರಿದ ಮಹಿಳೆ ಇಡೀ ಪಂಚಾಯತಿನಲ್ಲಿ ಒಬ್ಬರೇ, ಕುಸುಮಕ್ಕ. ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಟೈಲರಿಂಗ್ ಅಂಗಡಿ, ಹೆಂಗಸರ ರವಿಕೆ, ಮಕ್ಕಳ ಯೂನಿಫಾರ್ಮು ಹೊಲಿಯುವುದು. ಸ್ಪರ್ಧೆಯೇ ಇಲ್ಲ, ನಾಮಪತ್ರ ಕೊಟ್ಟು ಪ್ರಮಾಣ ತೆಗೆದುಕೊಂಡರೆ ಅವರೇ ಅಧ್ಯಕ್ಷೆ. ಒಂದು ಸಲವಾದರೂ ನನ್ನ ಕೆಲಸ ಸಲೀಸಾಗಿ ಮುಗಿಯುತ್ತದೆ ಎಂದು ನಾನು ನಿಶ್ಚಿಂತನಾಗಿದ್ದೆ.

ನೋಟೀಸು ಸಿಕ್ಕಿದ ಮರುದಿನ ಅವರು ಅದನ್ನು ನಾಲ್ಕಾಗಿ ಮಡಚಿ ಹಿಡಿದುಕೊಂಡು ಕಚೇರಿಗೆ ಬಂದರು.

"ಸದಾಶಿವಣ್ಣ, ಇದ್ರಲ್ಲಿ ಪ್ರಮಾಣ ಅಂತ ಬರೆದಿದೆ. ಅದು ಬಿಟ್ಟು ಬಾಕಿ ಎಲ್ಲ ಮಾಡಿದ್ರೆ ಆಗುದಿಲ್ವಾ?"

"ಅದು ಬಿಟ್ರೆ ಸದಸ್ಯೆಯೇ ಅಲ್ಲ ಕುಸುಮಕ್ಕ, ಮತ್ತೆ ಅಧ್ಯಕ್ಷೆ ಹೇಗೆ ಆಗುದು? ಎರಡು ಸಾಲು ಓದುದು ಅಷ್ಟೆ."

"ಓದ್ಲಿಕ್ಕೆ ಆಗುದಿಲ್ಲ."

ಕನ್ನಡಕ ಮರೆತು ಬಂದಿದ್ದಾರೇನೋ ಎಂದುಕೊಂಡೆ. ಅಷ್ಟು ದಡ್ಡ ನಾನು. ಅವರು ಸುತ್ತ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು, "ನಾನು ಒಂದು ಸಲ ಪ್ರಮಾಣ ಮಾಡಿ ಆಗಿದೆ" ಎಂದರು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಪ್ರಮಾಣ ಎಂದರೆ ಮಂತ್ರಿಗಳು ವೇದಿಕೆಯಲ್ಲಿ ಓದುವುದಲ್ಲ. ಎರಡು ಮನೆಗಳ ನಡುವೆ ತಕರಾರು ಬಂದು, ಹಿರಿಯರು, ಪೊಲೀಸರು ಯಾರಿಂದಲೂ ಬಗೆಹರಿಯದಾಗ ದೇವರ ನಡೆಯಲ್ಲಿ, ಅಂದರೆ ಗರ್ಭಗುಡಿಯ ಎದುರು, ನಿಂತು ಹೇಳುವ ಮಾತು ಅದು. ಹೇಳಿದ ಮೇಲೆ ಆ ಎರಡು ಮನೆಯವರು ಒಂದೇ ಸಾಲಿನಲ್ಲಿ ಕೂರುವಂತಿಲ್ಲ, ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯುವಂತಿಲ್ಲ, ಮಾತಾಡುವಂತಿಲ್ಲ. ಇಬ್ಬರೂ ಒಪ್ಪಿ ಮತ್ತೆ ಅದೇ ನಡೆಗೆ ಹೋಗಿ ಬಿಡಿಸಿಕೊಳ್ಳುವವರೆಗೆ ಹಾಗೆಯೇ. ಸುಳ್ಳು ಪ್ರಮಾಣ ಮಾಡಿದವರ ಮನೆ ಉಳಿಯುವುದಿಲ್ಲ ಎಂದು ಎಲ್ಲರ ನಂಬಿಕೆ. ಅದು ಬರಿಯ ನಂಬಿಕೆ ಎಂದು ಹೇಳುವ ಧೈರ್ಯ ನನಗೂ ಇಲ್ಲ.

ಕುಸುಮಕ್ಕನಿಗೆ ಒಬ್ಬರೇ ಅಣ್ಣ, ಚಂದ್ರಶೇಖರ. ಬಸ್‌ಸ್ಟ್ಯಾಂಡಿನ ಆಚೆ ಬದಿಯಲ್ಲಿ ಅವರದು ಪೇಂಟಿನ ಅಂಗಡಿ. ತಾಯಿ ತೀರಿಕೊಂಡಾಗ ಅವರ ಒಂದು ಜೊತೆ ಚಿನ್ನದ ಬಳೆ ಕಾಣಿಸಲಿಲ್ಲ. ಕೊನೆಯ ತಿಂಗಳು ತಾಯಿ ಮಗಳ ಮನೆಯಲ್ಲಿದ್ದರು. ಅಣ್ಣ ಕೇಳಿದರು, ತಂಗಿ ಇಲ್ಲ ಎಂದರು, ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಂಗಿ ದೇವರ ನಡೆಯಲ್ಲಿ ನಿಂತು, ಅಮ್ಮನ ಬಳೆ ನನ್ನ ಮನೆಯಲ್ಲಿಲ್ಲ ಎಂದು ಪ್ರಮಾಣ ಮಾಡಿದರು. ಅಲ್ಲಿಂದ ಹನ್ನೊಂದು ವರ್ಷ, ರಸ್ತೆಯ ಆಚೆ ಒಬ್ಬರು, ಈಚೆ ಒಬ್ಬರು, ಮಾತಿಲ್ಲ. ಇಷ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದನ್ನು ಅವರು ಆ ದಿನ ನನ್ನ ಮೇಜಿನ ಎದುರು ಕೂತು ಹೇಳಿದರು.

"ಪ್ರಮಾಣ ಮಾಡಿ ಎರಡು ತಿಂಗಳಾಗಿತ್ತು. ಅಮ್ಮನ ಹಳೇ ದಿಂಬು ಬಿಸಿಲಿಗೆ ಹಾಕುವಾ ಅಂತ ಬಿಚ್ಚಿದೆ. ಹತ್ತಿಯ ಒಳಗೆ ಬಟ್ಟೆ ಸುತ್ತಿ ಬಳೆ ಇಟ್ಟಿದ್ರು. ನಾನೇ ಹೊಲಿದ ದಿಂಬು ಸದಾಶಿವಣ್ಣ! ಯಾವಾಗ ಬಿಚ್ಚಿ ಯಾವಾಗ ಹೊಲಿದ್ರೋ, ನನಗೆ ದೇವರಾಣೆ ಗೊತ್ತಿರ್ಲಿಲ್ಲ." ದೇವರಾಣೆ ಎಂದವರು ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡರು. "ಆ ವರ್ಷವೇ ನಮ್ಮ ಮನೆಯವರು ತೀರಿಹೋದ್ರು. ನಾನು ಆ ಬಳೆ ಯಾರಿಗೂ ತೋರಿಸ್ಲಿಲ್ಲ. ಅಣ್ಣನಿಗೆ ಹೇಳುವಾ ಅಂದ್ರೆ ಮಾತಾಡುವ ಹಾಗಿಲ್ಲ. ಹೇಳಿ ಕಳಿಸುವಾ ಅಂದ್ರೆ ಧೈರ್ಯ ಬರ್ಲಿಲ್ಲ. ಈಗ ಇದೇ ಬಾಯಲ್ಲಿ ಇನ್ನೊಂದು ಪ್ರಮಾಣ ಹೇಗೆ ಮಾಡ್ಲಿ?"

"ಅಧ್ಯಕ್ಷೆ ಆಗ್ಬೇಕು ಅಂತ ಆಸೆ ಉಂಟಾ ನಿಮಗೆ?" ಎಂದು ಕೇಳಿದೆ. ಮೂರ್ಖ ಪ್ರಶ್ನೆ, ಆದರೆ ಬೇರೇನು ಕೇಳಬೇಕೆಂದು ಹೊಳೆಯಲಿಲ್ಲ.

"ಉಂಟು" ಎಂದರು ಖಂಡಿತವಾಗಿ. "ಹತ್ತೊಂಬತ್ತು ವರ್ಷ ಆ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೇನೆ. ಹೆಂಗಸರಿಗೆ ಒಂದು ಶೌಚಾಲಯ ಇಲ್ಲ. ಕಾಲೇಜಿನ ಹುಡುಗಿಯರು ನನ್ನ ಅಂಗಡಿಗೆ ಬಂದು, ಆಂಟಿ ಎಲ್ಲಿಗೆ ಹೋಗುದು ಅಂತ ಕೇಳ್ತಾರೆ. ನಾನು ಎಲ್ಲಿಗೆ ಕಳಿಸ್ಲಿ? ನನಗೆ ಆ ಕುರ್ಚಿ ಬೇಕು. ಆದ್ರೆ ಸುಳ್ಳು ಬಾಯಲ್ಲಿ ಬೇಡ."

ನನಗೆ ಆಗ ಒಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ನಾನು ಎಷ್ಟು ಬೀಗಿದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಪ್ರಮಾಣ ವಚನಕ್ಕೆ ಎರಡು ನಮೂನೆ ಇರುತ್ತದೆ. ಒಂದು, 'ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ' ಎನ್ನುವುದು. ದೇವರ ಹೆಸರು ಬೇಡವೆನ್ನುವವರಿಗೆ ಇನ್ನೊಂದು, 'ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ' ಎನ್ನುವುದು. ನಮ್ಮ ಕಡೆ ಎರಡನೆಯದನ್ನು ಯಾರೂ ಕೇಳುವುದಿಲ್ಲವೆಂದು ನಾನು ಎಷ್ಟೋ ವರ್ಷಗಳ ಹಿಂದೆಯೇ ಅದನ್ನು ಟೈಪು ಮಾಡುವುದು ಬಿಟ್ಟಿದ್ದೆ. ಅದು ನನ್ನ ತಪ್ಪು. ಹಳೆಯ ಕಡತದಿಂದ ಹುಡುಕಿ ತೆಗೆದು ಅವರಿಗೆ ತೋರಿಸಿದೆ.

"ನೋಡಿ, ಇದ್ರಲ್ಲಿ ದೇವರೂ ಇಲ್ಲ, ಪ್ರಮಾಣವೂ ಇಲ್ಲ. ಇದನ್ನು ಓದಿದ್ರೆ ಸಾಕು."

ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ, "ಆಯ್ತು" ಎಂದು ಎದ್ದು ಹೋದರು. ಸಮಾಧಾನವಾಯಿತು ಎಂದುಕೊಂಡೆ. ಅವರ ಮುಖ ನೋಡಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ, ನಾನು ಕಡತಕ್ಕೆ ದಾರ ಕಟ್ಟುತ್ತಿದ್ದೆ.

ಆ ಚುನಾವಣೆಗೆ ಅಧಿಕಾರಿಯಾಗಿದ್ದವರು ನಮ್ಮ ತಹಶೀಲ್ದಾರ್ ಮೇಡಂ. ವಿಜಯಪುರದ ಕಡೆಯವರು, ಬಂದು ಆರು ತಿಂಗಳಾಗಿತ್ತು. ಬೇರೆ ನಮೂನೆ ಯಾಕೆ ಬೇಕೆಂದು ಅವರಿಗೆ ಹೇಳಲೇಬೇಕಾಯಿತು. ಬಳೆ ಸಿಕ್ಕಿದ ಸಂಗತಿ ಬಿಟ್ಟು ಉಳಿದದ್ದನ್ನು ಹೇಳಿದೆ.

"ಏನ್ರೀ ಸದಾಶಿವ, ಒಂದ್ ಹಾಳಿ ಓದಾಕ ಇಷ್ಟ್ ಅಂಜ್ತಾರಲ್ರೀ! ನಮ್ಮ ಕಡಿ ಪ್ರಮಾಣ ವಚನ ಅಂದ್ರ ಫೋಟೋ ತಗಸ್ಕೊಳ್ಳು ಕಾರ್ಯಕ್ರಮ" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಆತು, ಎರಡೂ ನಮೂನಿ ಇಡ್ರಿ. ಕಾನೂನಿನ್ಯಾಗ ಐತಿ ಅಂದ್ಮ್ಯಾಲ ನಮಗೇನ ತ್ರಾಸು?"

ಚುನಾವಣೆಯ ದಿನ ನಾನು ಬೇಗ ಹೋಗಿ ಕುರ್ಚಿ ನೋಡಿದೆ. ವಾರ್ಡಿನ ಸಂಖ್ಯೆಗೆ ಸರಿಯಾಗಿ ಹೆಸರಿನ ಚೀಟಿ ಅಂಟಿಸಿದ್ದರು. ಚಂದ್ರಶೇಖರರೂ ಆ ಪಂಚಾಯತಿನ ಸದಸ್ಯರೇ, ಎದುರು ಪಕ್ಷದಿಂದ ಗೆದ್ದವರು. ಅಣ್ಣನ ವಾರ್ಡು ತಂಗಿಯ ವಾರ್ಡಿನ ಪಕ್ಕದ್ದೇ, ಹಾಗಾಗಿ ಕುರ್ಚಿಯೂ ಪಕ್ಕದ್ದೇ! ನಾನು ಅವರಿವರ ಚೀಟಿ ಕಿತ್ತು, ಅಣ್ಣನನ್ನು ಬಾಗಿಲಿನ ಬದಿಗೆ, ತಂಗಿಯನ್ನು ಕಿಟಕಿಯ ಬದಿಗೆ ಹಾಕಿದೆ. ಅದಕ್ಕೆ ಯಾವ ನಿಯಮ ಎಂದು ಯಾರಾದರೂ ಕೇಳಿದರೆ ಏನು ಹೇಳುವುದೆಂದು ಯೋಚಿಸಿ ಯೋಚಿಸಿ ಬೆವತೆ. ಯಾರೂ ಕೇಳಲಿಲ್ಲ. ಇಬ್ಬರಿಗೂ ಅರ್ಥವಾಗಿತ್ತು, ಇಬ್ಬರೂ ತಲೆ ಎತ್ತದೆ ಅವರವರ ಜಾಗದಲ್ಲಿ ಕೂತರು.

ನಾಮಪತ್ರ ಒಂದೇ, ಕುಸುಮಕ್ಕನದು. ಸರಿಯಾಗಿತ್ತು. ಸಭೆ ಶುರುವಾಗಿ ಪ್ರಮಾಣ ವಚನಕ್ಕೆ ಒಬ್ಬೊಬ್ಬರನ್ನೇ ಕರೆದೆವು. ಎಲ್ಲರೂ ದೇವರ ಹೆಸರಿನಲ್ಲಿ ಓದಿದರು. ಚಂದ್ರಶೇಖರರೂ ಓದಿದರು, ಆ 'ಪ್ರಮಾಣ' ಎಂಬ ಪದ ಬಂದಾಗ ಅವರ ದನಿ ಕುಗ್ಗಿದ್ದು ನನಗೆ ಕೇಳಿಸಿತು. ಕುಸುಮಕ್ಕನ ಸರದಿ ಬಂತು. ಎದ್ದು ಬಂದು ಮೈಕಿನ ಎದುರು ನಿಂತರು. ನಾನು ಎರಡನೆಯ ನಮೂನೆಯ ಹಾಳೆ ಕೊಟ್ಟೆ.

ಎದುರು ಪಕ್ಷದ ವಿಠಲ ಎಂಬವರು ಕೂಡಲೇ ಎದ್ದರು. "ಅವರಿಗೆ ಮಾತ್ರ ಬೇರೆ ಕಾಗದ ಎಂತಕ್ಕೆ ಮೇಡಂ?"

ವಿಠಲರ ಲೆಕ್ಕ ನನಗೆ ಗೊತ್ತಿತ್ತು. ಕುಸುಮಕ್ಕನ ಪ್ರಮಾಣ ಬಿದ್ದುಹೋದರೆ ಆ ದಿನ ಅಧ್ಯಕ್ಷರಿಲ್ಲ. ಚುನಾವಣೆ ಮುಂದೆ ಹೋದರೆ ಪಟ್ಟಿ ಬದಲಾದೀತು, ತಮ್ಮ ಕಡೆಗೆ ಬಂದೀತು ಎಂದು ಅವರ ಆಸೆ. ಮೇಡಂ, "ಎರಡೂ ಕಾನೂನಿನ್ಯಾಗ ಅದಾವ್ರಿ, ಕೂಡ್ರಿ" ಎಂದರು. ಅವರು ಕೂತರು.

"ಕುಸುಮ ಎಂಬ ನಾನು," ಎಂದು ಅವರು ಓದಲು ತೊಡಗಿದರು. "ಈ ಪಟ್ಟಣ ಪಂಚಾಯತಿನ ಸದಸ್ಯೆಯಾಗಿ ಆಯ್ಕೆಯಾಗಿರುವುದರಿಂದ, ಸತ್ಯನಿಷ್ಠೆಯಿಂದ..."

ಅಲ್ಲಿ ನಿಂತರು.

"ಸತ್ಯನಿಷ್ಠೆಯಿಂದ..." ಎಂದು ಇನ್ನೊಮ್ಮೆ ಓದಿದರು. ಹಾಳೆ ಮೈಕಿಗೆ ತಾಗಿ ಪರಪರ ಎನ್ನುತ್ತಿತ್ತು.

ಅಯ್ಯೋ, ಆಗ ನನಗೆ ಹೊಳೆಯಿತು ನಾನು ಮಾಡಿದ್ದೇನೆಂದು. ದೇವರನ್ನು ತೆಗೆದು ಸತ್ಯವನ್ನು ಕೊಟ್ಟಿದ್ದೆ! ಯಾವ ಒಂದು ವಸ್ತು ಆ ಹೆಂಗಸಿನ ಹತ್ತಿರ ಇರಲಿಲ್ಲವೋ, ಯಾವುದಕ್ಕಾಗಿ ಅವರು ಹನ್ನೊಂದು ವರ್ಷ ನಿದ್ದೆಗೆಟ್ಟಿದ್ದರೋ, ಅದರ ಹೆಸರಿನಲ್ಲೇ ಹೇಳಿ ಎಂದು ಹಾಳೆ ಹಿಡಿಸಿದ್ದೆ. ಎದ್ದು ಹೋಗಿ ಹಾಳೆ ಕಿತ್ತುಕೊಳ್ಳಲೇ, ನೀರು ಕೊಡಲೇ, ಮೇಡಂಗೆ ಹೇಳಿ ಹತ್ತು ನಿಮಿಷ ಸಭೆ ನಿಲ್ಲಿಸಲೇ, ಒಂದೂ ತಿಳಿಯದೆ ಪೆನ್ನು ಹಿಡಿದು ಕೂತಿದ್ದೆ.

ಕುಸುಮಕ್ಕ ಹಾಳೆ ಕೆಳಗಿಳಿಸಿ ಬಾಗಿಲಿನ ಬದಿಗೆ ತಿರುಗಿದರು. ಮೈಕಿನ ಎದುರೇ ಇದ್ದುದರಿಂದ ಮಾತು ಹೊರಗೆ ಕಾರಿಡಾರಿನವರೆಗೂ ಕೇಳಿಸಿತು.

"ಅಣ್ಣ, ಅಮ್ಮನ ಬಳೆ ನನ್ನ ಮನೆಯಲ್ಲಿ ಉಂಟು. ಪ್ರಮಾಣ ಮಾಡುವಾಗ ನಂಗೆ ಗೊತ್ತಿರ್ಲಿಲ್ಲ. ಮತ್ತೆ ದಿಂಬಿನ ಒಳಗೆ ಸಿಕ್ಕಿತು. ಸಿಕ್ಕಿದ ಮೇಲೂ ನಾನು ಹೇಳ್ಲಿಲ್ಲ."

ಚಂದ್ರಶೇಖರರು ಮೇಜಿನ ಮೇಲಿಟ್ಟಿದ್ದ ತಮ್ಮ ಎರಡೂ ಕೈಗಳನ್ನೇ ನೋಡುತ್ತಿದ್ದರು. ಬೆರಳಿನ ಸಂದಿನಲ್ಲಿ ನೀಲಿ ಪೇಂಟು ಹಿಡಿದಿತ್ತು.

ಮೇಡಂ ನನ್ನ ಕಡೆ ಬಗ್ಗಿ, "ಇದನ್ನ ನಡವಳಿಯಾಗ ಬರೀಬೇಕೇನ್ರೀ?" ಎಂದು ಕೇಳಿದರು. ಸಭೆಯಲ್ಲಿ ನಡೆದದ್ದೆಲ್ಲ ನಡವಳಿ ಪುಸ್ತಕದಲ್ಲಿ ಬರೆಯಬೇಕಾದವನು ನಾನು. ಬರೆದರೆ ಅದು ಶಾಶ್ವತ, ನಾಳೆ ಯಾರು ಬೇಕಾದರೂ ಅರ್ಜಿ ಹಾಕಿ ನಕಲು ತೆಗೆಯಬಹುದು. ಬರೆಯದಿದ್ದರೆ ಕರ್ತವ್ಯಲೋಪ. ನನಗೆ ಗೊತ್ತಿಲ್ಲ ಮೇಡಂ ಎಂದೆ. ಇಡೀ ಸೇವೆಯಲ್ಲಿ ಮೇಲಧಿಕಾರಿಗೆ ಆ ಮಾತು ನೇರವಾಗಿ ಹೇಳಿದ್ದು ಅದೊಂದೇ ಸಲ.

ಅಷ್ಟರಲ್ಲಿ ವಿಠಲರು ಮತ್ತೆ ಎದ್ದರು. ಮುಖದಲ್ಲಿ ಗೆದ್ದ ಕಳೆ. "ಮೇಡಂ, ನಮೂನೆಯಲ್ಲಿ ಇಲ್ಲದ ಮಾತು ಹೇಳಿದ್ದಾರೆ. ಪ್ರಮಾಣ ವಚನ ಅಸಿಂಧು. ಮತ್ತೆ ಸುಳ್ಳು ಪ್ರಮಾಣ ಮಾಡಿದ್ದೇನೆ ಅಂತ ಅವರೇ ಒಪ್ಪಿದ್ದಾರೆ. ಇಂಥವರು ಅಧ್ಯಕ್ಷೆ ಆಗುದಾ? ನಡವಳಿಯಲ್ಲಿ ಬರೀರಿ. ಎಂತ ಸದಾಶಿವಣ್ಣ, ಬರೀರಿ!"

ನಾನು ಪೆನ್ನಿನ ಮುಚ್ಚಳ ತೆಗೆದೆ. ಕುಸುಮಕ್ಕ ಅಲ್ಲೇ ನಿಂತಿದ್ದರು, ಕೂರಲೂ ಇಲ್ಲ, ಹೋಗಲೂ ಇಲ್ಲ. ಕಣ್ಣಲ್ಲಿ ನೀರಿರಲಿಲ್ಲ. ಯಾವ ತೀರ್ಮಾನ ಬಂದರೂ ಸರಿ ಎಂಬ ಹಾಗಿತ್ತು ಅವರ ನಿಲುವು.

ಚಂದ್ರಶೇಖರರು ಎದ್ದರು. ದೊಡ್ಡ ಆಳು, ಎದ್ದಾಗ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಬಾಗಿಲು ಪಕ್ಕದಲ್ಲೇ ಇದ್ದುದರಿಂದ ಹೊರಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಅವರು ಹೋಗಲಿಲ್ಲ. ವಿಠಲರ ಕಡೆ ನೋಡದೆ, ನನ್ನ ಪೆನ್ನಿನ ಕಡೆ ನೋಡಿ ಮಾತಾಡಿದರು.

"ಬರೀಬೇಡಿ ಸದಾಶಿವಣ್ಣ. ಅದು ಸಭೆಗೆ ಹೇಳಿದ ಮಾತಲ್ಲ. ನಮ್ಮ ಮನೆ ಮಾತು. ನಂಗೆ ಹೇಳಿದ್ದು."

"ಚಂದ್ರಣ್ಣ, ನೀವು ನಮ್ಮ ಪಕ್ಷ ಮಾರಾಯ್ರೆ!" ಎಂದರು ವಿಠಲರು.

"ಹೌದು, ಪಕ್ಷ ನಿಮ್ಮದೇ" ಎಂದರು ಚಂದ್ರಶೇಖರರು. "ಅಮ್ಮ ನಮ್ಮದು."

ಆಮೇಲೆ ಅವರು ಕಿಟಕಿಯ ಬದಿಯ ಖಾಲಿ ಕುರ್ಚಿ ನೋಡಿದರು, ನೆಲ ನೋಡಿದರು, ಕೊನೆಗೆ ತಂಗಿಯನ್ನು ನೋಡಿದರು. ಹನ್ನೊಂದು ವರ್ಷದ ಮೇಲೆ ತಂಗಿಗೆ ಆಡಿದ ಮೊದಲ ಮಾತು.

"ಓದು ಕುಸುಮ. ಮೊದಲಿಂದ ಓದು."

ಕುಸುಮಕ್ಕ ಹಾಳೆ ಎತ್ತಿ ಮೊದಲಿನಿಂದ ಕೊನೆಯವರೆಗೆ ಓದಿದರು. ನಡವಳಿಯಲ್ಲಿ ನಾನು ಅಷ್ಟನ್ನೇ ಬರೆದೆ.